ಅಳತೆ ಪುಸ್ತಕದ ಹಿಂದಿನ ಪುಟಗಳು

ನಾನು ಟೈಲರ್. ಮಡಿಕೇರಿಯಿಂದ ಒಂದು ಗಂಟೆ ಬಸ್ಸಿನಲ್ಲಿ ಬಂದರೆ ನಾಲ್ಕು ಅಂಗಡಿಗಳಿರುವ ಒಂದು ಸ್ಟಾಪ್ ಸಿಗುತ್ತದೆ. ಅದರಲ್ಲಿ ಮೂರನೆಯದು ನನ್ನದು. ನನ್ನ ಅಳತೆ ಪುಸ್ತಕವನ್ನು ಮುಂದಿನಿಂದ ತೆರೆದರೆ ಎದೆ, ಸೊಂಟ, ತೋಳಿನ ಉದ್ದ. ಹಿಂದಿನಿಂದ ತೆರೆದರೆ ಬೇರೆಯದೇ ಲೆಕ್ಕ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಯಾರ ಹತ್ತಿರ ಜೀಪಿದೆ, ಯಾರ ಕೊಟ್ಟಿಗೆಯಲ್ಲಿ ಎಷ್ಟು ದನ, ಯಾರ ಮಾತಿಗೆ ಯಾರು ಮನೆ ಬಿಟ್ಟು ಹೊರಡುತ್ತಾರೆ.

ಈ ಹಿಂದಿನ ಪುಟಗಳ ಕಥೆ ಬರೆಯಬೇಕು ಅಂದುಕೊಂಡು ಬಹಳ ದಿನವಾಯಿತು. ಮಳೆಗಾಲದಲ್ಲಿ ಹೊಲಿಸುವವರು ಕಡಿಮೆ. ಹಾಗಾಗಿ ಈಗ ಕೂತಿದ್ದೇನೆ.

2018ರ ಆಗಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಡಗಿನವರಿಗೆ ಅದು ಗೊತ್ತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ, ಮೊಣ್ಣಂಗೇರಿ. ಒಂದೆರಡು ದಿನದಲ್ಲಿ ಇಷ್ಟೂ ಕಡೆ ಗುಡ್ಡಗಳು ಜಾರಿದವು. ಸಂಪಾಜೆ ಘಾಟಿಯ ರಸ್ತೆಯೇ ಇಲ್ಲದ ಹಾಗಾಯಿತು. ನಮ್ಮ ಊರಿನಲ್ಲಿ ಜೀವ ಹೋಗಲಿಲ್ಲ, ಆದರೆ ಎರಡು ಮನೆ, ಒಂದು ಕೊಟ್ಟಿಗೆ ಹೋದವು. ಕೊಟ್ಟಿಗೆಯಲ್ಲಿ ಮೂರು ದನ ಕಟ್ಟಿದ್ದಲ್ಲೇ ಇದ್ದವು. ಹಗ್ಗ ಬಿಚ್ಚಲು ಯಾರಿಗೂ ಹೊಳೆದಿರಲಿಲ್ಲ. ಆ ಮನೆಯ ಅಕ್ಕ ಆಮೇಲೆ ಎಷ್ಟೋ ತಿಂಗಳು ನನ್ನ ಅಂಗಡಿಗೆ ಬಂದಾಗೆಲ್ಲ ಅದನ್ನೇ ಹೇಳುತ್ತಿದ್ದರು. ಮನೆ ಹೋದದ್ದಕ್ಕಿಂತ ಆ ಹಗ್ಗದ ಮಾತೇ ಅವರ ಬಾಯಲ್ಲಿ ಜಾಸ್ತಿ ಬರುತ್ತಿತ್ತು.

ಮುಂದಿನ ವರ್ಷ ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ. ಪ್ರತಿ ಸಲ ನಾವು ಟಿವಿ ನೋಡಿದೆವು, ಅತ್ತೆವು, ಅಕ್ಕಿ ಬಟ್ಟೆ ಕೊಟ್ಟು ಕಳಿಸಿದೆವು. ನಮ್ಮ ಹಿತ್ತಲಿನ ಬರೆಯನ್ನು, ಅಂದರೆ ಮನೆ ಹಿಂದೆ ಗುಡ್ಡ ಕಡಿದ ಮಣ್ಣಿನ ಗೋಡೆಯನ್ನು, ಮಾತ್ರ ತಿರುಗಿ ನೋಡಲಿಲ್ಲ.

2023ರ ಶುರುವಿನಲ್ಲಿ ನಮ್ಮ ಸಂಘದ ಸಭೆಯಲ್ಲಿ ಒಂದು ಸುದ್ದಿ ಬಂತು. ಆಪದ್ ಮಿತ್ರ ಅಂತ ಯೋಜನೆ ಇದೆಯಂತೆ, 12 ದಿನದ ತರಬೇತಿಯಂತೆ, ಏಳನೇ ಕ್ಲಾಸ್ ಪಾಸಾಗಿದ್ದರೆ ಸಾಕಂತೆ, ವಯಸ್ಸು 18ರಿಂದ 40ರೊಳಗೆ ಇರಬೇಕಂತೆ. ಪ್ರವಾಹ, ಭೂಕುಸಿತದಂಥ ಅಪಾಯ ಇರುವ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಜನರನ್ನು ತಯಾರು ಮಾಡುವುದು ದೇಶಮಟ್ಟದ ಗುರಿ ಅಂತ ಆಮೇಲೆ ತಿಳಿಯಿತು. ನನಗೆ ಆಗ 38. ನಾನು ಕೈ ಎತ್ತಿದೆ. ಯಾಕೆ ಎತ್ತಿದೆ ಅಂದರೆ ಈಗಲೂ ನೆಟ್ಟಗೆ ಉತ್ತರ ಇಲ್ಲ. ಹನ್ನೆರಡು ದಿನ ಅಡುಗೆ ಮಾಡುವುದು ತಪ್ಪುತ್ತದೆ ಎನ್ನುವುದೂ ಒಂದು ಕಾರಣ, ಸುಳ್ಳು ಹೇಳುವುದಿಲ್ಲ.

ಮನೆಯಲ್ಲಿ ಅತ್ತೆ ನಕ್ಕರು. "ನೀನು ಹಗ್ಗ ಹಿಡಿದು ಗುಡ್ಡ ಹತ್ತೋದಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ" ಅಂದರು. ಅದು ನಿಜವೇ ಆಗಿತ್ತು.

ತರಬೇತಿಯ ಮೊದಲ ದಿನ ಬೆಳಿಗ್ಗೆ ಆರಕ್ಕೆ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲ ಥರದವರೂ ಇದ್ದರು. ಕಾಲೇಜು ಹುಡುಗರು, ಪಿಕಪ್ ಓಡಿಸುವವರು, ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, ಅಂಗನವಾಡಿ ಸಹಾಯಕಿ ಒಬ್ಬರು.

ನನಗೆ ಮೊದಲು ಹಿಡಿಸಿದ್ದು ಗಂಟುಗಳು. ಹೊಲಿಗೆಯವಳಿಗೆ ದಾರದ ಮೇಲೆ ಪ್ರೀತಿ ಇರುತ್ತದೆ, ಹಗ್ಗ ದಪ್ಪ ದಾರ ಅಷ್ಟೇ. ಬೋಲೈನ್ ಅಂತ ಒಂದು ಗಂಟು ಕಲಿಸಿದರು. ಆ ಕುಣಿಕೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಸಾದಾ ಜಾರು ಕುಣಿಕೆ ಹಾಕಿ ಮನುಷ್ಯರನ್ನು ಎಳೆದರೆ ಅದು ಪಕ್ಕೆಲುಬನ್ನು ಹಿಂಡಿಬಿಡುತ್ತದೆ. ಪಕ್ಕದಲ್ಲಿ ಕೂತಿದ್ದ ಪಿಕಪ್ಪಿನ ಹುಡುಗ, "ಇದು ನಮ್ಮಜ್ಜ ಹೋರಿ ಕಟ್ತಿದ್ದ ಗಂಟು ಅಕ್ಕ, ಇದಕ್ಕೆ ಇಂಗ್ಲಿಷ್ ಹೆಸರು ಇಟ್ಟಿದ್ದಾರೆ ಅಷ್ಟೇ" ಅಂದ. ತರಬೇತಿ ಕೊಡುವವರಿಗೂ ನಗು ಬಂತು.

ಆಮೇಲೆ ಎದೆ ಒತ್ತುವುದು. ರಬ್ಬರಿನ ಗೊಂಬೆಯ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎದೆ ಕಡಿಮೆ ಅಂದರೂ 5 ಸೆಂಟಿಮೀಟರ್ ತಗ್ಗಬೇಕು. ಹುಡುಗರೆಲ್ಲ ಮೊದಲು ವೇಗವಾಗಿ ಶುರು ಮಾಡಿ ಒಂದು ನಿಮಿಷಕ್ಕೇ ಸುಸ್ತಾದರು. ನಾನು ಮನಸ್ಸಿನಲ್ಲೇ ಮಿಷನ್ ಪೆಡಲ್ ತುಳಿಯುವ ಲಯ ಹಿಡಿದುಕೊಂಡೆ. ಐದು ಸೆಂಟಿಮೀಟರ್ ಅಂದರೆ ಎರಡು ಇಂಚು, ಅದು ನನ್ನ ಕೈಗೆ ಗೊತ್ತಿರುವ ಅಳತೆ. ಆ ಒಂದು ವಿಷಯದಲ್ಲಿ ಇಡೀ ಗುಂಪಿಗೆ ನಾನೇ ಫಸ್ಟ್. ಇದನ್ನು ಅತ್ತೆಗೆ ಎರಡು ಸಲ ಹೇಳಿದ್ದೇನೆ.

ಎರಡು ಬಿದಿರಿನ ಗಳ, ಎರಡು ಶರ್ಟ್ ಇದ್ದರೆ ಸ್ಟ್ರೆಚರ್ ಆಗುತ್ತದೆ. ಶರ್ಟಿನ ಗುಂಡಿ ಹಾಕಿ, ಎರಡೂ ತೋಳಿನೊಳಗಿಂದ ಗಳ ತೂರಿಸಬೇಕು. ಗುಂಡಿ ಗಟ್ಟಿ ಇರಬೇಕು ಅಷ್ಟೇ. ರೆಡಿಮೇಡ್ ಶರ್ಟಿನ ಗುಂಡಿ ಮೊದಲ ಎತ್ತಿಗೇ ಕಿತ್ತು ಬಂತು, ಗೊಂಬೆ ಕೆಳಗೆ ಬಿತ್ತು. ನಾನು ಏನೂ ಹೇಳಲಿಲ್ಲ, ಸುಮ್ನೆ ನಕ್ಕೆ. ಖಾಲಿ ನೀರಿನ ಕ್ಯಾನುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತೇಲುವುದು, ಹೊತ್ತಿದ ಗ್ಯಾಸ್ ಸಿಲಿಂಡರಿನ ಮೇಲೆ ಒದ್ದೆ ಗೋಣಿ ಹಾಕುವುದು, ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಸಾಗಿಸುವುದು, ಎಲ್ಲ ಆಯಿತು. ಬೋಟಿನ ಪಾಠವೂ ಇತ್ತು. ನಮ್ಮ ಬೆಟ್ಟದ ಮೇಲೆ ಬೋಟ್ ಯಾಕೆ ಅನ್ನಿಸಿತು. ಆದರೆ ಪಕ್ಕದಲ್ಲೇ ನೆಲ್ಯಹುದಿಕೇರಿಯವರು ಇದ್ದರು. 2019ರಲ್ಲಿ ಕಾವೇರಿ ಅವರ ಮನೆಗಳೊಳಗೇ ಬಂದಿದ್ದಳು. ನಾನು ಬಾಯಿ ಮುಚ್ಚಿಕೊಂಡೆ.

ಭೂಕುಸಿತದ ಪಾಠ ಒಂದು ಇಡೀ ದಿನ ನಡೆಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗುಡ್ಡದ ಕೆಳಗೆ ಮನೆ ಇರುವ ಎಲ್ಲರಿಗೂ ಬೇಕು. ಗುಡ್ಡ ಸಾಮಾನ್ಯವಾಗಿ ಒಂದೇ ಸಲಕ್ಕೆ ಬೀಳುವುದಿಲ್ಲ. ಮೊದಲು ಏನಾದರೂ ಹೇಳುತ್ತದೆ. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು ಬರುತ್ತದೆ. ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಕಚ್ಚಿಕೊಳ್ಳುತ್ತದೆ. ಕರೆಂಟ್ ಕಂಬ, ಮರ ವಾಲುತ್ತವೆ. ಇಲ್ಲದ ಕಡೆ ನೀರು ಚಿಮ್ಮುತ್ತದೆ, ಇಲ್ಲವೇ ತಿಳಿಯಾಗಿದ್ದ ಒರತೆ ಕೆಂಪಗಾಗುತ್ತದೆ. ಎಲ್ಲಕ್ಕಿಂತ ಮೋಸದ್ದು ತೋಡಿನ, ಅಂದರೆ ಸಣ್ಣ ಹಳ್ಳದ, ನೀರು. ಜೋರು ಮಳೆ ಬರುತ್ತಿರುವಾಗಲೇ ತೋಡಿನಲ್ಲಿ ನೀರು ಇದ್ದಕ್ಕಿದ್ದ ಹಾಗೆ ಇಳಿದರೆ ಜನ "ಕಡಿಮೆಯಾಯ್ತು" ಅಂತ ಉಸಿರು ಬಿಡುತ್ತಾರೆ. ಆದರೆ ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದರೆ ಮರ, ಬಂಡೆ ಎಲ್ಲ ಒಟ್ಟಿಗೇ ಬರುತ್ತವೆ. ಆಗ ಇಳಿಜಾರಿನಲ್ಲಿ ಕೆಳಗೆ ಓಡಬಾರದು. ಅದರ ದಾರಿ ಬಿಟ್ಟು ಅಡ್ಡಕ್ಕೆ, ಎತ್ತರದ ಕಡೆಗೆ ಹೋಗಬೇಕು.

ಇನ್ನೊಂದು ಮಾತು ಯಾರಿಗೂ ಇಷ್ಟವಾಗಲಿಲ್ಲ. 2018ರ ಕುಸಿತಗಳಿಗೆ ಮಳೆ ಒಂದೇ ಕಾರಣವಲ್ಲ, ಮನೆ, ರಸ್ತೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ದೊಡ್ಡ ಕಾರಣ ಅಂತ ಭೂವಿಜ್ಞಾನ ಸರ್ವೇಕ್ಷಣೆಯವರು ಹೇಳಿದ್ದರು. ಅದನ್ನು ಕೇಳಿ ಇಡೀ ಕೋಣೆ ಸುಮ್ಮನಾಯಿತು. ಜೆಸಿಬಿ ತರಿಸಿ ಬರೆ ಕಡಿಯದವರು ಅಲ್ಲಿ ಯಾರಿದ್ದರು? ನನ್ನ ಅಂಗಡಿಯ ಹಿಂದೆಯೂ ಹತ್ತು ಅಡಿ ಕಡಿದಿದ್ದೇವೆ.

ಹನ್ನೆರಡನೇ ದಿನ ಕಿಟ್ ಕೊಟ್ಟರು. ಹೆಲ್ಮೆಟ್, ಲೈಫ್ ಜಾಕೆಟ್, ಟಾರ್ಚ್, ಸೀಟಿ, ಹಗ್ಗ, ಗಂಬೂಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಊರಿಗೆ ಬಂದು ಬಸ್ಸಿಳಿದಾಗ ನಾನು ಯುದ್ಧಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದೆನಂತೆ.

ಆಮೇಲೆ ಏನೂ ಆಗಲಿಲ್ಲ. ಕಿಟ್ ಬೀರುವಿನ ಮೇಲೆ ಕೂತಿತು. ಏಪ್ರಿಲಿನಲ್ಲಿ ನಾನೇ ಒಂದು ಸಭೆ ಕರೆದೆ. ಸಂಘದಿಂದ ಅರವತ್ತು ಕುರ್ಚಿ ಹಾಕಿಸಿದೆ. ಬಂದವರು ಹನ್ನೊಂದು ಜನ, ಅದರಲ್ಲಿ ಇಬ್ಬರು ಕುರ್ಚಿ ವಾಪಸ್ ತೆಗೆದುಕೊಂಡು ಹೋಗಲು ಬಂದವರು. ನಾನು ತರಬೇತಿಯ ನೋಟ್ಸ್ ನೋಡಿಕೊಂಡು ವಿಪತ್ತು ನಿರ್ವಹಣೆ, ಸನ್ನದ್ಧತೆ, ಸಾಮರ್ಥ್ಯ ವೃದ್ಧಿ ಅಂತೆಲ್ಲ ಓದಿದೆ. ಹಿಂದಿನ ಸಾಲಿನಲ್ಲಿ ಒಬ್ಬರು ನಿದ್ದೆ ಹೋದರು. ಕೊನೆಗೆ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಸಂಬಳ ಎಷ್ಟು ಟೈಲರಕ್ಕಾ?"

ಆ ರಾತ್ರಿ ನನಗೆ ಅವಮಾನವಾಯಿತು. ಆದರೆ ಜನರ ತಪ್ಪಲ್ಲ ಅಂತ ಈಗ ಗೊತ್ತು. ಮೈಕಿನಲ್ಲಿ ಮಾತಾಡುತ್ತಿದ್ದ ಆ ಹೆಂಗಸು ಯಾರು ಅಂತ ನನಗೇ ಗೊತ್ತಾಗಿರಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಬದಲಾದದ್ದು ಒಂದು ಬ್ಲೌಸಿನಿಂದ. ಮೇಲಿನ ಪೈಸಾರಿಯ, ಅಂದರೆ ಸರ್ಕಾರಿ ಜಾಗದಲ್ಲಿರುವ ಮನೆಗಳ ಸಾಲಿನ, ಒಬ್ಬಳು ಅಳತೆ ಕೊಡಲು ಬಂದಿದ್ದಳು. ಟೇಪ್ ಸುತ್ತುವಾಗ ಅವಳು ತಾನಾಗಿಯೇ ಹೇಳಿದಳು: "ಅಕ್ಕಾ, ನಮ್ಮ ಅಡುಗೆಮನೆ ಹಿಂದೆ ಬೆರಳು ಹೋಗೋವಷ್ಟು ಬಿರುಕು ಬಿಟ್ಟಿದೆ. ಗಂಡನಿಗೆ ಹೇಳಿದ್ರೆ ಸಿಮೆಂಟ್ ಮೆತ್ತು ಅಂತಾರೆ." ನಾನು ಟೇಪ್ ಕೆಳಗಿಟ್ಟೆ. ಅಂಗಡಿಗೆ ಬೀಗ ಹಾಕಿ ಅವಳ ಜೊತೆಯೇ ಹೋಗಿ ನೋಡಿದೆ. ಬಿರುಕಿನ ಎರಡೂ ಕಡೆ ಗೂಟ ಹೊಡೆದು ನಡುವಿನ ದೂರವನ್ನು ಅದೇ ಟೇಪಿನಲ್ಲಿ ಅಳೆದೆ. ಹನ್ನೊಂದೂವರೆ ಇಂಚು. ವಾರಕ್ಕೊಮ್ಮೆ ಅಳೆದು ಹೇಳು ಅಂದೆ. ಬರೆದುಕೊಳ್ಳಲು ಬೇರೆ ಕಾಗದ ಇರಲಿಲ್ಲ. ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟದಲ್ಲಿ ಬರೆದೆ.

ಅಲ್ಲಿಂದ ಅಂಗಡಿಗೆ ಬರುವ ಎಲ್ಲರನ್ನೂ ಒಂದೊಂದಾಗಿ ಕೇಳತೊಡಗಿದೆ. ಸಭೆಗೆ ಬಾರದ ಜನ ಟೇಪ್ ಸುತ್ತಿಕೊಂಡು ನಿಂತಾಗ ಎಲ್ಲ ಹೇಳುತ್ತಾರೆ. ಮಾವನಿಗೆ ನಡೆಯಲಾಗುವುದಿಲ್ಲ. ಮಗನಿಗೆ ಫಿಟ್ಸ್ ಬರುತ್ತದೆ. ಸೊಸೆಗೆ ಏಳು ತಿಂಗಳು. ಇಂಥದ್ದನ್ನೆಲ್ಲ ಯಾವ ಫಾರಂ ತುಂಬಿಸಿಕೊಂಡರೂ ಬರೆಯುವುದಿಲ್ಲ. ಗುಟ್ಟು ಬಿಡುವುದಿಲ್ಲ ಅನ್ನುವ ನಂಬಿಕೆ ಟೈಲರ್ ಮೇಲೆ ಹೆಂಗಸರಿಗೆ ಇರುತ್ತದೆ. ಮೂರು ತಿಂಗಳಲ್ಲಿ 42 ಮನೆ ಆಯಿತು.

ಪ್ರತಿ ಮನೆಯ ಮುಂದೆ ಒಂದು ಸಾಲು ವಿಶೇಷವಾಗಿ ಇಟ್ಟೆ: "ಯಾರು ಹೇಳಿದರೆ ಹೊರಡುತ್ತಾರೆ." ಇದನ್ನು ತರಬೇತಿಯಲ್ಲಿ ಕಲಿಸಿರಲಿಲ್ಲ. ನಮ್ಮ ಮಾವನನ್ನು ನೋಡಿ ಕಲಿತದ್ದು. 2018ರಲ್ಲಿ ಪೊಲೀಸರು ಬಂದು ಕರೆದರೂ ಅವರು ಕದಲಿರಲಿಲ್ಲ. ಪಕ್ಕದ ತೋಟದ ಅಜ್ಜ ಒಂದು ಮಾತು ಹೇಳಿದ್ದಕ್ಕೆ ಕೊಡೆ ತೆಗೆದುಕೊಂಡು ಹೊರಟರು. ಒಬ್ಬೊಬ್ಬರಿಗೆ ಒಬ್ಬೊಬ್ಬರು ಇರುತ್ತಾರೆ. ಕೆಲವರಿಗೆ ಮಗಳು, ಕೆಲವರಿಗೆ ಮೇಸ್ತ್ರಿ, ಒಬ್ಬರಿಗಂತೂ ಬ್ಯಾಂಕಿನ ಪಿಗ್ಮಿ ಕಲೆಕ್ಟರ್!

ಆ ತೋಟದ ಅಜ್ಜನ ಬಗ್ಗೆ ಹೇಳಲೇಬೇಕು. ಅವರ ಅಂಗಳದಲ್ಲಿ ಮಳೆ ಅಳೆಯುವ ಮಾಪಕ ಇದೆ. ಕೊಡಗಿನ ಕಾಫಿ ಬೆಳೆಗಾರರಿಗೆ ಇದು ಹಳೆಯ ಅಭ್ಯಾಸ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟಿನಲ್ಲಿ. "ನಿನ್ನೆ ಎರಡು ಇಂಚು ನಲವತ್ತು ಸೆಂಟು" ಅಂದರೆ ಊರಿಗೆಲ್ಲ ಅರ್ಥವಾಗುತ್ತದೆ. ಟಿವಿಯಲ್ಲಿ ಹೇಳುವ ಮಿಲಿಮೀಟರ್ ಯಾರಿಗೂ ಅರ್ಥವಾಗುವುದಿಲ್ಲ. ನಾನು ಮತ್ತು ಅಜ್ಜ ಕೂತು ಲೆಕ್ಕ ಹಾಕಿದೆವು. ಒಂದು ಇಂಚಿಗೆ 25.4 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಆದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು, ರೆಡ್ ಅಲರ್ಟ್ ಕೊಡುವಂಥದ್ದು. ನಮ್ಮ ಭಾಷೆಗೆ ಇಳಿಸಿದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಇದನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ಅಂಗಡಿ ಮುಂದೆ ಹಾಕಿದೆ. ಆಮೇಲೆ ರೆಡ್ ಅಲರ್ಟ್ ಅಂದರೆ ಶಾಲೆಗೆ ರಜೆ ಅಂತ ಮಾತ್ರ ತಿಳಿದಿದ್ದ ಮಕ್ಕಳೂ "ಇವತ್ತು ಎಷ್ಟು ಇಂಚು ಅಜ್ಜಾ?" ಅಂತ ಕೇಳಲು ಶುರು ಮಾಡಿದರು. ಮಾಪಕ ಇಲ್ಲದವರು ನೆಟ್ಟಗಿರುವ ಡಬ್ಬ ಬಯಲಿನಲ್ಲಿಟ್ಟು ಸ್ಕೇಲ್ ಇಳಿಸಿದರೂ ಸಾಕು. ಬಾಯಿ ಅಗಲ, ತಳ ಕಿರಿದು ಇರುವ ಬಕೆಟ್ ಮಾತ್ರ ಆಗುವುದಿಲ್ಲ, ಲೆಕ್ಕ ತಪ್ಪುತ್ತದೆ.

ಅಜ್ಜ ಮಾತ್ರ ಒಂದು ಎಚ್ಚರಿಕೆ ಕೊಟ್ಟರು: "ಒಂದು ದಿನದ ಇಂಚು ನೋಡ್ಬೇಡ. ಗುಡ್ಡ ಮೂರು ದಿನದ್ದನ್ನ ಕೂಡಿಸಿ ಇಟ್ಕೊಳ್ಳುತ್ತೆ."

ಸೂಚನೆ ಕೊಡುವುದು ಹೇಗೆ ಎನ್ನುವುದು ದೊಡ್ಡ ತಲೆನೋವಾಯಿತು. ಜೋರು ಮಳೆ ಬಂದರೆ ನಮ್ಮಲ್ಲಿ ಮೊದಲು ಹೋಗುವುದು ಕರೆಂಟ್. ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿ ಮುಗಿದು ಮೊಬೈಲೂ ಸತ್ತುಹೋಗುತ್ತದೆ. ಮೈಕ್ ಲೆಕ್ಕಕ್ಕೇ ಇಲ್ಲ. ಒಬ್ಬರು ಕೋವಿಯಿಂದ ಗುಂಡು ಹಾರಿಸೋಣ ಅಂದರು. ಕೊಡವರ ಮನೆಗಳಲ್ಲಿ ಕೋವಿ ಇದ್ದೇ ಇರುತ್ತದೆ, ಸದ್ದು ಗುಡ್ಡ ದಾಟುತ್ತದೆ. ಅಜ್ಜ ತಲೆ ಅಲ್ಲಾಡಿಸಿದರು. ಒಂದು ಗುಂಡು ಹಾರಿದರೆ ಗಂಡು ಮಗು ಹುಟ್ಟಿತು ಅಂತ ಅರ್ಥ, ಎರಡು ಹಾರಿದರೆ ಸಾವು. "ಮಗು ಹುಟ್ಟಿದೆ ಅಂತ ನೋಡೋಕೆ ಬಂದವರು ಮಣ್ಣಿನಡಿ ಹೋದ್ರೆ?" ಅಂದರು. ಮೂರು ಗುಂಡು ಅಂದರೆ ಆ ಗಾಳಿ ಮಳೆಯಲ್ಲಿ ಕೂತು ಎಣಿಸುವವರು ಯಾರು? ಕೊನೆಗೆ ಸೀಟಿ ಮತ್ತು ಪಿಕಪ್ಪಿನ ಹಾರನ್ ಅಂತ ತೀರ್ಮಾನವಾಯಿತು. ಬಿಟ್ಟು ಬಿಟ್ಟು ಹೊಡೆದರೆ ಎಚ್ಚರ, ಬಿಡದೆ ಹೊಡೆದರೆ ಹೊರಡಿ.

ಸೀಟಿಯಿಂದ ಇನ್ನೊಂದು ಉಪಕಾರವಾಯಿತು. ನಮ್ಮ ಸುತ್ತಿನ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯ ಕೆಲಸಗಾರರು ಜಾಸ್ತಿ. ಕನ್ನಡದ ಎಚ್ಚರಿಕೆ ಅವರನ್ನು ಮುಟ್ಟುವುದಿಲ್ಲ. ಸೀಟಿಗೆ ಭಾಷೆ ಬೇಡ. ಅವರಲ್ಲಿ ಕನ್ನಡ ಬರುವ ಹುಡುಗನೊಬ್ಬನನ್ನು ಹಿಡಿದು, ಒಂದು ಭಾನುವಾರ ಎಲ್ಲರನ್ನೂ ಶಾಲೆಯವರೆಗೆ ನಡೆಸಿಕೊಂಡು ಹೋಗಿ ಬಂದೆವು. ಹದಿನಾಲ್ಕು ನಿಮಿಷ ಹಿಡಿಯಿತು. ಮಳೆಯಲ್ಲಿ ಕತ್ತಲಲ್ಲಿ ಅದರ ಎರಡರಷ್ಟು ಅಂತ ಬರೆದುಕೊಂಡೆ.

ಚೀಲದ ಕೆಲಸ ನನಗೆ ಹಬ್ಬ. 2018ರಲ್ಲಿ ಮನೆ ಹೋದವರು ಆಮೇಲೆ ವರ್ಷಗಟ್ಟಲೆ ಅಲೆದದ್ದು ಕಾಗದಕ್ಕೆ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್. ಮನೆ ಇತ್ತು ಅಂತ ತೋರಿಸಲು ಬೇಕಾದ ಕಾಗದವೂ ಮನೆಯ ಜೊತೆಗೇ ಹೋಗಿತ್ತು. ಗೊಬ್ಬರದ ಚೀಲ ತೊಳೆದು, ಒಳಗೆ ದಪ್ಪ ಪ್ಲಾಸ್ಟಿಕ್ ಕೊಟ್ಟು, ಮೇಲೆ ಮಡಚುವ ಮುಚ್ಚಳ ಇಟ್ಟು, ಹೆಗಲಿಗೆ ಪಟ್ಟಿ ಹಾಕಿ ಒಂದು ಮಾದರಿ ಹೊಲಿದೆ. ಮನೆಗೊಂದು ಕೊಟ್ಟೆ. ಕಾಗದಗಳು, ಒಂದು ವಾರದ ಮಾತ್ರೆ, ಹಳೆಯ ಕನ್ನಡಕ, ಟಾರ್ಚ್, ಬೆಂಕಿಪೊಟ್ಟಣ, ಬಟನ್ ಫೋನ್, ನೂರು ಇನ್ನೂರರ ನೋಟುಗಳು, ಅವಲಕ್ಕಿ, ಬೆಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಬೇಕು, ಬೀರುವಿನೊಳಗೆ ಅಲ್ಲ. ತಿಂಗಳಾದ ಮೇಲೆ ನೋಡಿದರೆ ಅರ್ಧ ಮನೆಗಳಲ್ಲಿ ಬೆಲ್ಲ ಖಾಲಿ. ಮಕ್ಕಳಿರುವ ಮನೆಗೆ ಬೆಲ್ಲ ಇಡಬಾರದು ಅಂತ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ ನೋಡಿ.

ಅದೇ 2023ರ ಅಕ್ಟೋಬರ್ 12ರಂದು ರಾಜ್ಯದಲ್ಲೆಲ್ಲ ಮೊಬೈಲುಗಳು ಒಮ್ಮೆಲೇ ಕೂಗಿಕೊಂಡವು, ನೆನಪಿದೆಯಾ? ತುರ್ತು ಸಂದೇಶದ ಪರೀಕ್ಷೆ. ನನ್ನ ಅಂಗಡಿಯಲ್ಲಿದ್ದ ಒಬ್ಬರು ಫೋನನ್ನು ಹೊರಗೆ ಎಸೆದೇಬಿಟ್ಟರು, ಸಿಡಿಯುತ್ತದೆ ಅಂತ. ಆ ದಿನ ನನಗೆ ಒಂದು ಖಾತ್ರಿಯಾಯಿತು. ಫೋನ್ ಎಚ್ಚರಿಸುತ್ತದೆ ನಿಜ. ಆದರೆ ಎಚ್ಚರವಾದವರು ಮೊದಲು ಮಾಡುವುದು ಪಕ್ಕದ ಮನೆಯವರನ್ನು ಕೇಳುವುದು. ಅವತ್ತು ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ನನ್ನ ಅಂಗಡಿಗೆ ಬಂದು "ಟೈಲರಕ್ಕಾ, ಏನಿದು?" ಅಂತ ಕೇಳಿದರು. ಆರು ತಿಂಗಳ ಹಿಂದೆ ಹನ್ನೊಂದು ಜನ ಬಂದಿದ್ದ ಸಭೆ ನೆನಪಾಯಿತು.

ಆಮೇಲೆ 2024ರ ಜುಲೈ ಬಂತು. 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಚಹಾ ಅಂಗಡಿಯ ಮೇಲೆ ಬಿದ್ದು ಗಂಗಾವಳಿ ನದಿಗೆ ಇಳಿದಿತ್ತು. ಊರಲ್ಲೆಲ್ಲ ಅದೇ ಮಾತು. ಎರಡು ದಿನದ ಮೇಲೆ ಬೆಳಿಗ್ಗೆ ಅಜ್ಜನ ಲೆಕ್ಕ ಐದು ಇಂಚು ಹತ್ತು ಸೆಂಟು. ಮೂರು ದಿನದ್ದು ಕೂಡಿಸಿದರೆ ಹದಿಮೂರು ದಾಟಿತ್ತು. ಸಂಜೆ ಆರೂವರೆಗೆ ಬಿರುಕಿನ ಮನೆಯವಳು ಫೋನ್ ಮಾಡಿದಳು. ಅವರ ಮನೆಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. "ಅಕ್ಕಾ, ಪೈಪಿನಲ್ಲಿ ಚಹಾದ ಹಾಗೆ ಕೆಂಪು ನೀರು ಬರ್ತಿದೆ. ಗೂಟ ಹನ್ನೆರಡೂಕಾಲು ಆಗಿದೆ."

ಮುಕ್ಕಾಲು ಇಂಚು. ಬ್ಲೌಸಿನಲ್ಲಾದರೆ ಬಿಚ್ಚಿ ಸರಿ ಮಾಡುತ್ತಿದ್ದೆ.

ಜಿಲ್ಲೆಯ ತುರ್ತು ಸಹಾಯದ ನಂಬರ್ 1077ಕ್ಕೆ ಹೇಳಿದೆ, ಪಂಚಾಯಿತಿಯವರಿಗೆ ಹೇಳಿದೆ. ಅವರು ಬರುತ್ತೇವೆ ಅಂದರು, ಆದರೆ ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು. ಪುಸ್ತಕ ತಿರುಗಿಸಿದೆ. ಪೈಸಾರಿಯ ಆ ಸಾಲಿನಲ್ಲಿ ಏಳು ಮನೆ, 31 ಜನ. ಶಾಲೆಯ ಬೀಗದ ಕೀ ಬಿಸಿಯೂಟದ ಅಕ್ಕನ ಹತ್ತಿರ. ಪಿಕಪ್ಪಿನ ಹುಡುಗ ಮನೆಯಲ್ಲೇ ಇದ್ದ. ಟವರ್ ಇನ್ನೂ ಬದುಕಿತ್ತು, ಅದು ನಮ್ಮ ಪುಣ್ಯ. ಮೊದಲು ಯಾರ ಮಾತು ಯಾರಿಗೆ ಎನ್ನುವ ಸಾಲು ನೋಡಿ ಫೋನ್ ಮಾಡಿದೆ, ಆಮೇಲೆ ಸೀಟಿ.

ಐದು ಮನೆಯವರು ಇಪ್ಪತ್ತು ನಿಮಿಷದಲ್ಲಿ ಹೊರಟರು, ಚೀಲ ಹೆಗಲಿಗೇರಿಸಿ. ದನದ ಹಗ್ಗ ಎಲ್ಲರೂ ಬಿಚ್ಚಿದರು, ಅದನ್ನು ಯಾರಿಗೂ ಹೇಳಬೇಕಾಗಲಿಲ್ಲ. ಆರನೇ ಮನೆಯ ಅಜ್ಜಿ ಬಾಗಿಲು ಹಾಕಿಕೊಂಡು ಕೂತರು. "ಎಪ್ಪತ್ತೆಂಟು ಮಳೆಗಾಲ ನೋಡಿದ್ದೇನೆ, ನಿನ್ನ ಸೀಟಿಗೆ ಹೆದರ್ತೀನಾ? ಹೋಗು ಮಗಾ, ಶೀತ ಆಗುತ್ತೆ" ಅಂದರು. ಪುಸ್ತಕದಲ್ಲಿ ಅವರ ಮುಂದೆ ಬರೆದಿತ್ತು: ಮೊಮ್ಮಗಳು, ಮಂಗಳೂರು, ನರ್ಸಿಂಗ್. ಫೋನ್ ಹಚ್ಚಿ ಅಜ್ಜಿಯ ಕಿವಿಗೆ ಕೊಟ್ಟೆ. ಆ ಹುಡುಗಿ ಏನು ಬೈದಳೋ ಗೊತ್ತಿಲ್ಲ, ಅಜ್ಜಿ ಮರುಮಾತಾಡದೆ ಎದ್ದು ಕೋಳಿಗಳನ್ನು ಬುಟ್ಟಿಗೆ ತುಂಬಿಸತೊಡಗಿದರು. ಪಿಕಪ್ಪಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಏಳನೆಯದರಲ್ಲಿ ನನ್ನ ತಪ್ಪು ಬಯಲಾಯಿತು. ಪುಸ್ತಕದ ಪ್ರಕಾರ ಅಲ್ಲಿ ನಾಲ್ಕು ಜನ. ಬಾಗಿಲು ತಟ್ಟಿದರೆ ಒಳಗೆ ಒಂಬತ್ತು. ಹಳೆಯ ಬಾಡಿಗೆಯವರು ಹೋಗಿ ಹೊಸಬರು ಬಂದು ಎರಡು ತಿಂಗಳಾಗಿತ್ತು. ಅವರಿಗೆ ಸೀಟಿಯ ಅರ್ಥ ಗೊತ್ತಿಲ್ಲ, ಚೀಲ ಇಲ್ಲ, ಮೂರು ವಾರದ ಕೂಸು ಬೇರೆ. ಯಾರೋ ಸೀಟಿ ಹೊಡೆದುಕೊಂಡು ಬಂದರು ಅಂತ ಕಳ್ಳರೆಂದು ದೀಪ ಆರಿಸಿ ಕೂತಿದ್ದರಂತೆ. ಅಸ್ಸಾಮಿನ ಹುಡುಗನನ್ನು ಕರೆಸಿ ಮಾತಾಡಿಸಿ, ಕೂಸನ್ನು ನನ್ನ ರೈನ್‌ಕೋಟಿನೊಳಗೆ ಹಾಕಿಕೊಂಡು ಇಳಿದೆ. ಆ ಇಳಿಜಾರಿನಲ್ಲಿ ಎರಡು ಸಲ ಜಾರಿದೆ. ಈಗಲೂ ಅದು ಕನಸಿನಲ್ಲಿ ಬರುತ್ತದೆ.

ರಾತ್ರಿಯೆಲ್ಲ ಶಾಲೆಯಲ್ಲಿ ಕೂತೆವು. ಬಿಸಿಯೂಟದ ಅಕ್ಕ ಗಂಜಿ ಮಾಡಿದರು. ಪ್ರತಿ ಸದ್ದಿಗೂ ಎಲ್ಲರೂ ಗುಡ್ಡದ ಕಡೆ ನೋಡುತ್ತಿದ್ದರು.

ಗುಡ್ಡ ಬೀಳಲಿಲ್ಲ.

ಬೆಳಿಗ್ಗೆ ಮಳೆ ಹೊಳವಾಯಿತು. ಹೋಗಿ ನೋಡಿದರೆ ಏಳೂ ಮನೆ ಇದ್ದ ಹಾಗೇ ಇದ್ದವು. ದಾರಿಯಲ್ಲಿ ಒಂದು ಕಡೆ ಬರೆ ಜಾರಿತ್ತು, ಒಂದು ಪಿಕಪ್ ಲೋಡಿನಷ್ಟು ಮಣ್ಣು, ಅಷ್ಟೇ. ಎಲ್ಲರಿಗೂ ಸಂತೋಷವಾಗಬೇಕಿತ್ತು, ಅಲ್ವಾ? ಹಾಗೆ ಆಗಲಿಲ್ಲ. ಒಂದು ಥರದ ಮುಜುಗರ. ನಿದ್ದೆ ಕೆಟ್ಟ ಮುಖಗಳು. ಮೂರನೇ ಮನೆಯವರು ಅವಸರದಲ್ಲಿ ಕೋಳಿಗೂಡಿನ ಬಾಗಿಲು ಹಾಕದೆ ಬಂದಿದ್ದರು. ಕಾಡುಬೆಕ್ಕು ಬಂದು ಆರು ಕೋಳಿ ಮುಗಿಸಿತ್ತು. ಅವರು ನೇರವಾಗಿ ನನ್ನ ಅಂಗಡಿಗೇ ಬಂದು, "ಗುಡ್ಡವೂ ಬೀಳ್ಲಿಲ್ಲ, ಏನೂ ಇಲ್ಲ. ನನ್ನ ಆರು ಕೋಳಿಗೆ ಯಾರು ಕೊಡ್ತಾರೆ?" ಅಂತ ಕೇಳಿದರು. ನನಗೆ ಅಳು ಬಂತು, ಕೋಪವೂ ಬಂತು. ಬಾಯಿ ಬಿಡಲಿಲ್ಲ. ಅವರ ಮಗಳ ಯೂನಿಫಾರಂ ಎರಡು ಜೊತೆ ಹೊಲಿದು ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ಲೆಕ್ಕ ಚುಕ್ತಾ ಆಯಿತೋ ಇಲ್ಲವೋ ಕೇಳಲಿಲ್ಲ.

ಹನ್ನೆರಡು ದಿನದ ಮೇಲೆ, ಜುಲೈ 30ರ ಬೆಳಿಗ್ಗೆ, ವಯನಾಡಿನ ಸುದ್ದಿ ಬಂತು. ಮುಂಡಕ್ಕೈ, ಚೂರಲ್‌ಮಲ. ನಮಗೆ ಅದು ದೂರದ ಊರಲ್ಲ, ಕುಟ್ಟ ದಾಟಿದರೆ ವಯನಾಡು. ಅಲ್ಲಿಗೆ ಮಗಳನ್ನು ಕೊಟ್ಟವರಿದ್ದಾರೆ. ಅಲ್ಲಿ ಗುಡ್ಡ ಇಳಿದದ್ದು ರಾತ್ರಿ, ಜನ ಮಲಗಿದ್ದಾಗ. ಅವತ್ತು ಇಡೀ ದಿನ ಅಂಗಡಿಗೆ ಯಾರೂ ಬರಲಿಲ್ಲ. ಸಂಜೆ ಆ ಕೋಳಿಯ ಮನೆಯವರು ಬಂದು ಬಾಗಿಲ ಹತ್ತಿರ ನಿಂತರು. ತುಂಬಾ ಹೊತ್ತು ಮಳೆ ನೋಡಿದರು. ಆಮೇಲೆ, "ನನ್ನ ನಂಬರ್ ಬದಲಾಗಿದೆ. ಹಿಂದಿನ ಪುಟದಲ್ಲಿ ಬರ್ಕೊಳ್ಳಿ" ಅಂದು ಹೇಳಿ ಹೋದರು.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಪುಸ್ತಕ ಹಿಡಿದು ಮನೆ ಮನೆ ಹೋಗುತ್ತೇನೆ. ಬಾಡಿಗೆಯವರು ಬದಲಾದರೆ ಓನರ್ ನನಗೆ ಹೇಳಲೇಬೇಕು ಅಂತ ಪಟ್ಟು ಹಿಡಿದಿದ್ದೇನೆ. ಪೈಸಾರಿಯ ಮೇಲೆ ನೀರು ಹರಿದು ಹೋಗಲು ಸಂಘದವರೇ ಸೇರಿ ಚರಂಡಿ ಕಡಿದೆವು. ಬಿರುಕಿನೊಳಗೆ ನೀರು ಇಳಿಯದ ಹಾಗೆ ಮಣ್ಣು ತುಂಬಿಸಿ ಮೇಲೆ ಟಾರ್ಪಲ್ ಎಳೆದಿದ್ದೇವೆ. ಆ ಮನೆಗೆ ಬೇರೆ ಜಾಗ ಕೊಡಿ ಅಂತ ಅರ್ಜಿ ಹಾಕಿ ಆಗಿದೆ. ಅದು ಎಲ್ಲಿದೆಯೋ.

ಕಳೆದ ಸಲ ಹೋದಾಗ ಅಜ್ಜಿಯ ಸಾಲನ್ನು ತಿದ್ದಬೇಕಾಗಿತ್ತು. ಮೊಮ್ಮಗಳು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗಿದ್ದಾಳೆ. ನಮಗೆ ರಾತ್ರಿಯಾದಾಗ ಅವಳು ಡ್ಯೂಟಿಯಲ್ಲಿರುತ್ತಾಳಂತೆ, ಫೋನ್ ಎತ್ತುವುದಿಲ್ಲ.

"ಈಗ ಯಾರು ಹೇಳಿದ್ರೆ ಹೊರಡ್ತೀರಿ ಅಜ್ಜಿ?" ಅಂತ ಕೇಳಿದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. ಒಂದೆರಡು ಹೆಸರು ಬಾಯಿಗೆ ಬಂದು ವಾಪಸ್ ಹೋದ ಹಾಗೆ ಕಾಣಿಸಿತು.

"ನೀನೇ ಬಂದು ಕರಿ" ಅಂದರು. "ಆದ್ರೆ ದೊಡ್ಡ ಬುಟ್ಟಿ ತಾ. ಹೋದ ಸಲದ್ದು ಹರಿದುಹೋಯ್ತು, ಈಗ ಹನ್ನೊಂದು ಕೋಳಿ ಇದಾವೆ."

ಬರೆದುಕೊಂಡೆ: ಬುಟ್ಟಿ 1, ದೊಡ್ಡದು.